ಆಕ್ಸಲ್ ರೇಷಿಯೋ ಬದಲಿಸಿದ ಮೇಲೆ ಜೀಪು ತಕರಾರು ಮಾಡಿದರೆ: ಬಿಚ್ಚುವ ಮುಂಚೆ ನೋಡಬೇಕಾದ್ದು

ಆಗಸ್ಟ್ ತಿಂಗಳು. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಬೋರ್ಡೋ ಔಷಧಿ ಹೊಡೆಯಲು ಡ್ರಮ್ಮು, ಪಂಪು ಹೇರಿಕೊಂಡು ಕೆಳಗಿನ ತೋಟಕ್ಕೆ ಇಳಿದಿದ್ದೆ. ವಾಪಸ್ ಬರುವಾಗ ಕೆಸರು ಜಾಸ್ತಿ ಎಂದು ಫೋರ್ ವೀಲ್ ಹಾಕಿದೆ. ತಿರುವಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಜೀಪು ನೇರಕ್ಕೇ ಹೋಯಿತು. ಮುಂದಿನ ಚಕ್ರಗಳು ನೇಗಿಲಿನ ಹಾಗೆ ಮಣ್ಣು ಸೀಳುತ್ತಿದ್ದವು. ಹೇಗೋ ಮೇಲೆ ಟಾರು ರಸ್ತೆಗೆ ಬಂದು ಲಿವರ್ ಎಳೆದರೆ ಅದು ಕದಲಲೇ ಇಲ್ಲ. ನಾಲ್ಕು ಮಾರು ರಿವರ್ಸ್ ಬಿಟ್ಟ ಮೇಲೆ ‘ಟಣ್’ ಎಂದು ಕಳಚಿಕೊಂಡಿತು.

ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಆಕ್ಸಲ್ ರೇಷಿಯೋ ಬದಲಿಸಿದ್ದೆ. ರೇಷಿಯೋ ಎಂದರೆ ಚಕ್ರ ಒಂದು ಸುತ್ತು ಬರಲು ಆಕ್ಸಲಿಗೆ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ. ಹಿಂದಿನದಕ್ಕೆ ಹೊಸ ಕ್ರೌನ್ ಪಿನಿಯನ್ ಜೋಡಿ (ಶಾಫ್ಟಿನ ತುದಿಯ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್). ಮುಂದಕ್ಕೆ ಸೆಕೆಂಡ್ ಹ್ಯಾಂಡ್ ಆಕ್ಸಲ್ ಒಂದನ್ನು ಇಡಿಯಾಗಿ ತಂದು ಹಾಕಿದ್ದು. ಮಾರಿದವರು ‘ಇದೂ ಅದೇ ರೇಷಿಯೋ’ ಎಂದಿದ್ದರು. ನಾನು ಎಣಿಸಿ ನೋಡಲಿಲ್ಲ. ಆ ತಪ್ಪು ಸಿಗುವ ಮುಂಚೆ ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಬಿಚ್ಚಿಸಿದೆ, ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ನೋಡಿಸಿದೆ, ಮೂರು ವಾರ ಜೀಪಿಲ್ಲದೆ ಕೂತೆ. ಕೊಡಗಿನಲ್ಲಿ ಹಳೆ ಜೀಪು ಇಟ್ಟುಕೊಂಡು ದೊಡ್ಡ ಟೈರು ಹಾಕಿ, ಆಮೇಲೆ ರೇಷಿಯೋ ಬದಲಿಸಲು ಹೊರಟವರು ಬಹಳ ಜನ ಇದ್ದೀರಿ. ನನಗೆ ಆದದ್ದು ನಿಮಗೆ ಆಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಎಳೆಯುತ್ತಿಲ್ಲ ಎಂದರೆ ರೇಷಿಯೋನೇ ಕಾರಣವಾ?

ಮೊದಲು ಇದನ್ನು ಕೇಳಿಕೊಳ್ಳಿ. ಏರಿನಲ್ಲಿ ಜೀಪು ಸೋತರೆ ಕ್ಲಚ್ ಜಾರುತ್ತಿರಬಹುದು, ಬ್ರೇಕ್ ಹಿಡಿದುಕೊಂಡಿರಬಹುದು, ಇಂಜೆಕ್ಟರ್ ಸೋತಿರಬಹುದು. ಟಾಪ್ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ ಎಂದರೆ ಕ್ಲಚ್. ಹತ್ತು ಕಿಲೋಮೀಟರ್ ಓಡಿಸಿ ಇಳಿದು ನಾಲ್ಕೂ ಹಬ್ ಮುಟ್ಟಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ, ಇಲ್ಲವೇ ಬೇರಿಂಗ್ ಬಿಗಿ.

ಇದೆಲ್ಲ ಸರಿ ಇದ್ದು, ಟೈರು ದೊಡ್ಡದು ಮಾಡಿದ ಮೇಲೇ ಸೋತಿದೆ ಎಂದರೆ ರೇಷಿಯೋ ಲೆಕ್ಕ ಹಾಕಿ. ಲೆಕ್ಕ ಸುಲಭ. ಹಳೆ ರೇಷಿಯೋವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆ ಟೈರಿನ ವ್ಯಾಸದಿಂದ ಭಾಗಿಸಿ. ನನ್ನದು 215/75 ಆರ್ 15 ಟೈರು ಇತ್ತು, ವ್ಯಾಸ ಸುಮಾರು 704 ಮಿಲಿಮೀಟರ್. ಹಾಕಿದ್ದು 31 ಇಂಚಿನದು, ಅಂದರೆ 787. ರೇಷಿಯೋ 4.27 ಇತ್ತು. ಲೆಕ್ಕಕ್ಕೆ ಬರುವುದು 4.77. ಅದೇ ಅಂಕಿಯ ಜೋಡಿ ಸಿಗುವುದಿಲ್ಲ, ಹತ್ತಿರದ್ದು 4.88.

5.38 ಹಾಕಿಬಿಡಿ, ಗುಡ್ಡ ಹತ್ತಲು ಒಳ್ಳೆಯದು ಎಂದು ಸುಮಾರು ಜನ ಹೇಳಿದರು. ನಾನು ಒಪ್ಪುವುದಿಲ್ಲ. ಹಳೆ ಪೆಟ್ರೋಲ್ ವಿಲ್ಲಿಸ್ ಜೀಪುಗಳಿಗೆ 5.38 ಬರುತ್ತಿತ್ತು, ನಿಜ. ಆದರೆ 31 ಇಂಚಿನ ಟೈರಿನಲ್ಲೂ 80 ಕಿಲೋಮೀಟರ್ ವೇಗಕ್ಕೆ, ನೇರ ಟಾಪ್ ಗೇರಿನಲ್ಲಿ, 5.38ರಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2900 ಸುತ್ತು ಸುತ್ತಬೇಕು. 4.88ರಲ್ಲಿ 2630 ಸಾಕು. ತೋಟದಿಂದ ಮೈಸೂರಿಗೂ ಅದೇ ಜೀಪಿನಲ್ಲಿ ಹೋಗುವವರಿಗೆ, ಹಳೆ ಡೀಸೆಲ್ ಎಂಜಿನ್ನಿಗೆ, ಈ ವ್ಯತ್ಯಾಸ ದೊಡ್ಡದು. ಗುಡ್ಡಕ್ಕೆ ಟ್ರಾನ್ಸ್‌ಫರ್ ಕೇಸಿನ ‘ಲೋ’ ಇದ್ದೇ ಇದೆಯಲ್ಲ, ಅದನ್ನು ಬಳಸಿ.

ಒಳಗೆ ಯಾವ ರೇಷಿಯೋ ಇದೆ ಎಂದು ಎಣಿಸಿ

ಜೋಡಿಸಿ ತಂದ ದಿನವೇ ಇದನ್ನು ಮಾಡಿ. ಬಿಲ್ಲಿನಲ್ಲಿ ಬರೆದದ್ದನ್ನಾಗಲಿ, ಹೌಸಿಂಗಿನ (ಆಕ್ಸಲಿನ ಹೊರಕವಚದ) ಬೋಲ್ಟಿಗೆ ನೇತುಹಾಕಿದ ತಗಡಿನ ಟ್ಯಾಗನ್ನಾಗಲಿ ನಂಬಬೇಡಿ. ನಲವತ್ತು ವರ್ಷದ ಆಕ್ಸಲಿನೊಳಗೆ ಯಾರು ಯಾವಾಗ ಏನು ಹಾಕಿದ್ದಾರೋ ಯಾರಿಗೆ ಗೊತ್ತು?

ಒಂದು ಸುಲಭದ ಪರೀಕ್ಷೆ ಸ್ಪೀಡೋಮೀಟರ್. ಹಳೆ ಜೀಪುಗಳಲ್ಲಿ ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ. ಆದ್ದರಿಂದ ಟೈರು ಬದಲಿಸಿದರೂ ಅದು ತಪ್ಪುತ್ತದೆ, ಹಿಂದಿನ ರೇಷಿಯೋ ಬದಲಿಸಿದರೂ ತಪ್ಪುತ್ತದೆ. ಮೊಬೈಲಿನ ಜಿಪಿಎಸ್‌ನಲ್ಲಿ ಸರಿಯಾಗಿ 60 ಕಿಲೋಮೀಟರ್ ವೇಗ ಹಿಡಿದು ಮುಳ್ಳು ನೋಡಿ. ಮೊದಲು ಮೀಟರ್ ಸರಿ ಇದ್ದ ಜೀಪು ಎಂದುಕೊಳ್ಳಿ. ನನ್ನ ಟೈರಿನಲ್ಲಿ 4.27 ಉಳಿದಿದ್ದರೆ ಮುಳ್ಳು 54ರ ಹತ್ತಿರ ನಿಲ್ಲಬೇಕು. 4.88 ಇದ್ದರೆ 61. 5.38 ಇದ್ದರೆ 67, 68. ಟೈರಿಗೆ ತಕ್ಕ ರೇಷಿಯೋ ಬಿದ್ದಿದ್ದರೆ ಮೀಟರ್ ತಾನಾಗಿ ಸರಿಹೋಗುತ್ತದೆ.

ಆದರೆ ಇದು ಹಿಂದಿನ ಆಕ್ಸಲಿನ ಸುದ್ದಿ ಮಾತ್ರ ಹೇಳುತ್ತದೆ. ನಾನು ಎಡವಿದ್ದೂ ಇಲ್ಲೇ. ಮುಳ್ಳು 61ಕ್ಕೆ ನಿಂತಿತು, ಎಲ್ಲ ಸರಿ ಎಂದುಕೊಂಡೆ. ಮುಂದಿನದಕ್ಕೆ ಕೈಯಲ್ಲೇ ಎಣಿಸಬೇಕು.

ಸಮತಟ್ಟು ನೆಲದಲ್ಲಿ ನಿಲ್ಲಿಸಿ. ನೆಲದ ಮೇಲೆ ಉಳಿಯುವ ಮೂರೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಇಲ್ಲಿ ಒಂದು ಎಚ್ಚರ: ಹಳೆ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಮೇಲಕ್ಕೆತ್ತಿದರೆ ಶಾಫ್ಟ್ ಬಿಗಿಯಾಗಿದ್ದರೂ ಡಿಫರೆನ್ಷಿಯಲ್ (ಎರಡು ಬದಿ ಬೇರೆ ಬೇರೆ ವೇಗಕ್ಕೆ ತಿರುಗಲು ಬಿಡುವ ಗೇರುಗಳು) ಮೂಲಕ ಆ ಚಕ್ರ ಹಿಂದಕ್ಕೆ ತಿರುಗಿ ಇನ್ನೊಂದು ಮುಂದಕ್ಕೆ ಉರುಳಬಹುದು. ಅಂದರೆ ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಜಾರುತ್ತದೆ. ಹೇಗೂ ಎಣಿಸಲು ಹ್ಯಾಂಡ್ ಬ್ರೇಕ್ ಬಿಡಲೇಬೇಕು. ಆದ್ದರಿಂದ ಕಲ್ಲು ಗಟ್ಟಿಯಾಗಿರಲಿ, ಜಾಕಿನ ಜೊತೆಗೆ ಸ್ಟ್ಯಾಂಡ್ ಇರಲಿ.

ಒಂದೇ ಚಕ್ರ ಎತ್ತಿ. ಗೇರು ನ್ಯೂಟ್ರಲ್, ಟ್ರಾನ್ಸ್‌ಫರ್ ಕೂಡ ನ್ಯೂಟ್ರಲ್. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಒಬ್ಬರು ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಲಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಎರಡು ಸುತ್ತು ಯಾಕೆಂದರೆ, ಒಂದು ಚಕ್ರ ನಿಂತಿದ್ದಾಗ ಇನ್ನೊಂದು ಎರಡು ಸುತ್ತು ತಿರುಗಿದರೆ ಒಳಗಿನ ಕ್ರೌನ್ ಒಂದು ಸುತ್ತು ತಿರುಗುತ್ತದೆ. ಶಾಫ್ಟ್ ನಾಲ್ಕೂಕಾಲು ಸುತ್ತಿಗಿಂತ ಕೂದಲೆಳೆ ಜಾಸ್ತಿ ಬಂದರೆ 4.27. ಐದಕ್ಕೆ ಸ್ವಲ್ಪ ಕಡಿಮೆ ಬಂದರೆ 4.88. ಐದು ದಾಟಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬಂದರೆ 5.38. ಅನುಮಾನ ಇದ್ದರೆ ಚಕ್ರ 16 ಸುತ್ತು ತಿರುಗಿಸಿ. 4.88ಕ್ಕೆ ಪಿನಿಯನ್ ಹಲ್ಲು 8, ಕ್ರೌನ್ ಹಲ್ಲು 39. ಹಾಗಾಗಿ ಶಾಫ್ಟ್ ಸರಿಯಾಗಿ 39 ಸುತ್ತು ಬಂದು ಗುರುತಿಗೆ ಗುರುತು ಕೂಡುತ್ತದೆ. 5.38ಕ್ಕೆ 43 ಬರುತ್ತದೆ. ಮುಂದಿನ ಚಕ್ರಕ್ಕೂ ಇದೇ ಕ್ರಮ. ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸುವ, ಬಿಡಿಸುವ ಹಬ್) ಇದ್ದರೆ ಅದನ್ನು ಲಾಕ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಶಾಫ್ಟ್ ತಿರುಗುವುದೇ ಇಲ್ಲ.

ನನ್ನ ಮುಂದಿನ ಆಕ್ಸಲಿನಲ್ಲಿ 43 ಬಂತು.

ಫೋರ್ ವೀಲ್ ಬಿಗಿಯಾಗುವುದು

ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದೇ ವೇಗಕ್ಕೆ ಕಟ್ಟಿಹಾಕಿದಂತೆ. ನಡುವೆ ಡಿಫರೆನ್ಷಿಯಲ್ ಇಲ್ಲ. ಹಿಂದೆ 4.88, ಮುಂದೆ 5.38 ಇದ್ದರೆ ಹಿಂದಿನ ಚಕ್ರ 110 ಮೀಟರ್ ಹೋಗುವಷ್ಟರಲ್ಲಿ ಮುಂದಿನದು 100 ಮೀಟರ್ ಹೋಗಬೇಕು ಎನ್ನುತ್ತದೆ. ಹಿಂದಿನದು ತಳ್ಳುತ್ತದೆ, ಮುಂದಿನದು ತಡೆಯುತ್ತದೆ. ಅದಕ್ಕೇ ಜೀಪು ತಿರುಗದೆ ನೇರ ಹೋದದ್ದು. ಉಲ್ಟಾ ಇದ್ದರೆ ಮುಂದಿನ ಚಕ್ರಗಳು ಸುಮ್ನೆ ಕೆರೆಯುತ್ತವೆ.

ಕೆಸರಿನಲ್ಲಿ ಚಕ್ರ ಜಾರುವುದರಿಂದ ಈ ಜಗಳ ಅಷ್ಟಾಗಿ ಕಾಣುವುದಿಲ್ಲ. ಜೂನ್, ಜುಲೈ ಪೂರ್ತಿ ನನಗೆ ಗೊತ್ತಾಗದ್ದು ಇದರಿಂದಲೇ. ಒಣ ನೆಲದಲ್ಲಾದರೆ ಮೊದಲ ಐವತ್ತು ಮೀಟರಿನಲ್ಲೇ ತಿಳಿಯುತ್ತಿತ್ತು. ಆದರೆ ಇಲ್ಲೊಂದು ಗೊಂದಲ ಇದೆ. ರೇಷಿಯೋ ಎರಡೂ ಸರಿ ಇದ್ದರೂ ಟಾರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಬಿಗಿಯುತ್ತದೆ. ಅದು ದೋಷವಲ್ಲ, ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಹೋಗುತ್ತವೆ ಅಷ್ಟೆ. ಹಾಗಾಗಿ ತಿರುವಿನಲ್ಲಿ ಪರೀಕ್ಷೆ ಮಾಡಬೇಡಿ. ಕಾಫಿ ಒಣಹಾಕುವ ಕಣ ಒಣಗಿದ್ದು, ಸಿಮೆಂಟಿನದಲ್ಲದೆ ಮಣ್ಣಿನದಾಗಿದ್ದರೆ ಅಲ್ಲಿ, ಇಲ್ಲವೇ ನೇರವಾದ ಮಣ್ಣು ರಸ್ತೆಯಲ್ಲಿ, ನಿಧಾನಕ್ಕೆ ಮೂವತ್ತು ಮೀಟರ್ ನೇರ ಓಡಿಸಿ. ಆಮೇಲೆ ಲಿವರ್ ಎಳೆಯಿರಿ. ಸಲೀಸಾಗಿ ಬಂದರೆ ಸರಿ. ನೇರ ಓಡಿಸಿದರೂ ಸಿಕ್ಕಿಹಾಕಿಕೊಂಡರೆ ಎರಡು ಆಕ್ಸಲಿನ ರೇಷಿಯೋ ಎಣಿಸಿ. ಹಾಗೇ ಮುಂದಿನ ಹಿಂದಿನ ಟೈರು ಒಂದೇ ಅಳತೆಯದಾ, ಸವೆತ ಒಂದೇ ಇದೆಯಾ, ಗಾಳಿ ಸಮ ಇದೆಯಾ ನೋಡಿ. 4.09 ಮತ್ತು 4.10ರಷ್ಟು ಸಣ್ಣ ವ್ಯತ್ಯಾಸ ನಡೆಯುತ್ತದೆ. ಹತ್ತು ಪರ್ಸೆಂಟ್ ನಡೆಯುವುದಿಲ್ಲ. ಮುಂದುವರಿಸಿದರೆ ಟ್ರಾನ್ಸ್‌ಫರ್ ಕೇಸಿನ ಹಲ್ಲೋ, ಯುಜೆ ಕ್ರಾಸೋ (ಶಾಫ್ಟಿನ ಕೀಲು), ಒಂದು ಹೋಗಿಯೇ ಹೋಗುತ್ತದೆ.

ಸದ್ದು: ಯಾವಾಗ ಬರುತ್ತದೆ ಎಂಬುದೇ ಮುಖ್ಯ

ರೇಷಿಯೋ ಬದಲಿಸಿದ ಜೀಪಿನ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಸದ್ದಿನವು. ‘ಗೊಂಯ್ ಅಂತದೆ ಅಣ್ಣಾ’ ಎಂದು ಮೇಸ್ತ್ರಿ ಮುಂದೆ ನಿಂತರೆ ಅವರು ತಾನೆ ಏನು ಮಾಡಿಯಾರು? ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಸದ್ದು ಕೇಳಲು ಆಗುವುದಿಲ್ಲ. ಜೀಪು ಓಡುತ್ತಿರುವಾಗಲೇ ಅದು ಯಾವ ಹೊತ್ತಿಗೆ, ಯಾವ ವೇಗಕ್ಕೆ, ಕಾಲು ಒತ್ತಿದಾಗಲೋ ಬಿಟ್ಟಾಗಲೋ ಎಂದು ಬರೆದಿಟ್ಟುಕೊಳ್ಳಿ.

ಇದಕ್ಕೆ ನಮ್ಮ ಜಿಲ್ಲೆಯ ರಸ್ತೆಯೇ ಸಾಕು. ಕುಶಾಲನಗರದಿಂದ ಆನೆಕಾಡು, ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಬರುವುದು ಬಹುಪಾಲು ಏರು. ಕಾಲು ಆಕ್ಸಿಲರೇಟರಿನ ಮೇಲೇ ಇರುತ್ತದೆ. ಅಲ್ಲಿ ಕ್ರೌನಿನ ಹಲ್ಲಿನ ಒಂದು ಮುಖದ ಮೇಲೆ ಭಾರ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ ದಾಟಿ ಸಂಪಾಜೆಗೆ ಇಳಿಯುವಾಗ ಗೇರಿನಲ್ಲೇ ಕಾಲು ಬಿಟ್ಟು ಬರುತ್ತೀರಿ. ಆಗ ಹಲ್ಲಿನ ಇನ್ನೊಂದು ಮುಖದ ಮೇಲೆ ಭಾರ. ಕುಶಾಲನಗರದ ಕಾವೇರಿ ಸೇತುವೆ ದಾಟಿ ಪಿರಿಯಾಪಟ್ಟಣದ ಕಡೆ ಹೋದರೆ ರಸ್ತೆ ಹೆಚ್ಚುಕಡಿಮೆ ಸಮ. ಅಲ್ಲಿ ಎಳೆಯದೆಯೂ ತಡೆಯದೆಯೂ ಒಂದೇ ವೇಗ ಹಿಡಿದು ಹೋಗಬಹುದು.

ಏರಿನಲ್ಲಿ ಮಾತ್ರ ಕೂಗಿ, ಕಾಲು ಬಿಟ್ಟ ಕೂಡಲೇ ನಿಂತರೆ, ಪಿನಿಯನ್ ಕೂತಿರುವ ಆಳ ತಪ್ಪಿದೆ ಎಂಬ ಗುಮಾನಿ ಮೊದಲು. ಸಂಪಾಜೆ ಇಳಿಜಾರಿನಲ್ಲಿ ಮಾತ್ರ ಕೂಗಿದರೆ ಪಿನಿಯನ್ ಬೇರಿಂಗ್ ಸಡಿಲವಾಗಿರುವುದು, ಪಿನಿಯನ್ ನಟ್ ಬಿಟ್ಟುಕೊಂಡಿರುವುದು, ಇಲ್ಲವೇ ಹಲ್ಲಿನ ಹಿಂಬದಿ ಸರಿಯಾಗಿ ಕೂಡದಿರುವುದು. ಶಾಫ್ಟ್ ತುದಿಯ ಫ್ಲಾಂಜ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲ್ಲಾಡಿಸಿ. ತಿರುಗುವ ಪ್ಲೇ (ಸಡಿಲ) ಸ್ವಲ್ಪ ಇರುತ್ತದೆ, ಹಾಗೆ ಅಲ್ಲಾಡುವ ಪ್ಲೇ ಇರಲೇಬಾರದು. ಸಮರಸ್ತೆಯಲ್ಲೂ ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ಸಮ ಗುರ್ ಎಂದರೆ ಹಲ್ಲಿನ ದೋಷಕ್ಕಿಂತ ಬೇರಿಂಗ್ ಇರಬಹುದು. ಪಿನಿಯನ್ ಬೇರಿಂಗ್ ಚಕ್ರಕ್ಕಿಂತ ಸುಮಾರು ಐದು ಪಟ್ಟು ವೇಗ ತಿರುಗುವುದರಿಂದ ಅದರ ಸದ್ದು ಸಣ್ಣ ಕಂಠದ್ದು. ಕ್ರೌನ್ ಪಕ್ಕದ ಬೇರಿಂಗ್‌ಗಳದ್ದು ದಪ್ಪ ಕಂಠ. ಚಕ್ರದ ಬೇರಿಂಗ್ ಆದರೆ ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಸದ್ದು ಏರುತ್ತದೆ, ಇನ್ನೊಂದು ಬದಿಗೆ ವಾಲಿದಾಗ ಇಳಿಯುತ್ತದೆ.

ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಒಳಗಿನ ಸಣ್ಣ ಸ್ಪೈಡರ್ ಗೇರುಗಳು. ಹೊರಡುವಾಗ ಒಮ್ಮೆ ‘ಟಕ್’ ಎಂದರೆ ಡಿಫರೆನ್ಷಿಯಲ್ ಬಿಚ್ಚುವ ಮುಂಚೆ ಯುಜೆ ಕ್ರಾಸ್ ನೋಡಿ, ಸಣ್ಣ ಖರ್ಚಿನ ಕೆಲಸಕ್ಕೆ ಸಾವಿರಗಟ್ಟಲೆ ಸುರಿಯಬೇಡಿ. ಚಕ್ರ ಒಂದು ಸುತ್ತು ತಿರುಗಿದಾಗ ಒಮ್ಮೆ ಟಿಕ್ ಎಂದರೆ ಕ್ರೌನಿನ ಹಲ್ಲಿಗೆ ಪೆಟ್ಟು. ಐದು ಸಲ ಎಂದರೆ ಪಿನಿಯನ್ ಹಲ್ಲಿಗೆ ಪೆಟ್ಟು. ಇದು ಕೇಳಿದರೆ ಮುಂದೆ ಓಡಿಸಬೇಡಿ, ಮುರಿದ ಚೂರು ಬೇರಿಂಗಿಗೆ ಹೋದರೆ ಹೌಸಿಂಗೇ ಹಾಳು.

ಇನ್ನು ಟೈರು. ಕೆಸರಿನ ದಪ್ಪ ಕಟ್ಟಿನ ಟೈರು ಟಾರಿನ ಮೇಲೆ ತಾನೇ ಕೂಗುತ್ತದೆ. ಟಾರಿನಿಂದ ಮಣ್ಣಿಗೆ ಇಳಿದಾಗ ಸದ್ದು ಬದಲಾದರೆ ಅದು ಟೈರು. ರಸ್ತೆ ಹೇಗಿದ್ದರೂ ಬದಲಾಗದಿದ್ದರೆ ಆಕ್ಸಲ್.

ಬಿಸಿ ಮತ್ತು ಎಣ್ಣೆ

ಹೊಸ ಜೋಡಿ ಹಾಕಿದ ಮೇಲೆ ಸ್ವಲ್ಪ ಬಿಸಿ ಸಹಜ. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಪಿನಿಯನ್ ಮೂತಿಯ ಹತ್ತಿರ ನಾಲ್ಕು ಹನಿ ನೀರು ಬಿಡಿ. ಚುಂಯ್ ಎಂದು ಕುದಿದು ಹಾರಿದರೆ ಬೇರಿಂಗ್ ಬಿಗಿ ಮಿತಿ ಮೀರಿದೆ, ಇಲ್ಲವೇ ಎಣ್ಣೆ ಕಡಿಮೆ ಇದೆ. ಎಣ್ಣೆ 80ಡಬ್ಲ್ಯೂ-90, ಜಿಎಲ್-5 ದರ್ಜೆಯದೇ ಆಗಬೇಕು. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ತಿರುಗುವುದರಿಂದ ಜಿಎಲ್-4 ಸಾಲುವುದಿಲ್ಲ.

ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಬಿಸಿಯಾದ ಹೌಸಿಂಗ್ ಹೊಳೆಯ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ (ಹೌಸಿಂಗಿನ ಗಾಳಿಕಿಂಡಿ) ಮಣ್ಣು ತುಂಬಿ ಮುಚ್ಚಿದ್ದರೆ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲಕ್ಕೆ ಬ್ರೀದರಿಗೆ ಒಂದು ಪೈಪು ಹಾಕಿ ಚಾಸಿಯ ಮೇಲ್ಗಡೆಗೆ ಕಟ್ಟಿಬಿಡುವುದು ಒಳ್ಳೆಯದು.

ಬಿಚ್ಚಲೇಬೇಕಾದರೆ

ಕವರ್ ತೆಗೆದ ಮೇಲೆ ಮೊದಲು ಕ್ರೌನಿನ ಅಂಚಿನಲ್ಲಿ ಕೊರೆದ ನಂಬರನ್ನೂ ಪಿನಿಯನ್ ತಲೆಯ ಮೇಲಿನ ನಂಬರನ್ನೂ ಹೋಲಿಸಿ. ಪಿನಿಯನ್ನಿನದು ಕ್ರೌನನ್ನು ಹೊರಗೆ ತೆಗೆದ ಮೇಲಷ್ಟೇ ಸರಿಯಾಗಿ ಕಾಣುತ್ತದೆ. ಕ್ರೌನ್, ಪಿನಿಯನ್ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ. ನಂಬರ್ ಬೇರೆ ಬೇರೆ ಇದ್ದರೆ ಎಷ್ಟು ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿದರೂ ಸದ್ದು ಹೋಗುವುದಿಲ್ಲ, ಆ ಜೋಡಿಯನ್ನು ವಾಪಸ್ ಕೊಡಿ.

ನಂಬರ್ ಕೂಡಿದರೆ ಕ್ರೌನಿನ ನಾಲ್ಕೈದು ಹಲ್ಲಿಗೆ ಬಣ್ಣದ ಪೇಸ್ಟ್ ತೆಳ್ಳಗೆ ಬಳಿದು, ಕ್ರೌನಿಗೆ ಸ್ವಲ್ಪ ತಡೆ ಕೊಟ್ಟು ಎರಡೂ ಕಡೆ ತಿರುಗಿಸಿ. ಅಚ್ಚು ಹಲ್ಲಿನ ಬುಡದಲ್ಲಿ ಬಿದ್ದಿದ್ದರೆ ಪಿನಿಯನ್ ಕ್ರೌನಿಗೆ ತೀರಾ ಹತ್ತಿರ. ತುದಿಯಲ್ಲಿ ಬಿದ್ದಿದ್ದರೆ ತೀರಾ ದೂರ. ಹಿಂದಿನ ಆಕ್ಸಲ್ ಸ್ಪೈಸರ್ 44 ಬಗೆಯದಾದರೆ ಪಿನಿಯನ್ನಿನ ಒಳ ಬೇರಿಂಗ್ ಕಪ್ಪಿನ ಹಿಂದೆ ಶಿಮ್ ಇರುತ್ತದೆ. ಶಿಮ್ ಸೇರಿಸಿದರೆ ಪಿನಿಯನ್ ಹತ್ತಿರ ಬರುತ್ತದೆ, ತೆಗೆದರೆ ದೂರ ಹೋಗುತ್ತದೆ. ಅಚ್ಚು ಹಲ್ಲಿನ ಉದ್ದದಲ್ಲಿ ಒಳತುದಿಗೋ ಹೊರತುದಿಗೋ ಸರಿದಿದ್ದರೆ ಪಿನಿಯನ್ ಮುಟ್ಟಬೇಡಿ, ಕ್ರೌನನ್ನು ಸರಿಸಿ. ಒಳತುದಿಗೆ ಇದ್ದರೆ ಪ್ಲೇ ಕಡಿಮೆ, ಹೊರತುದಿಗೆ ಇದ್ದರೆ ಪ್ಲೇ ಜಾಸ್ತಿ. ಈ ಪ್ಲೇ 0.15ರಿಂದ 0.25 ಮಿಲಿಮೀಟರ್ ಒಳಗಿರಬೇಕು. ಬೆರಳಿನ ಅಂದಾಜು ಇಲ್ಲಿ ಸಾಲದು. ಡಯಲ್ ಗೇಜ್ ಇಲ್ಲದ ವರ್ಕ್‌ಶಾಪಿನಲ್ಲಿ ಈ ಕೆಲಸ ಮಾಡಿಸಬೇಡಿ, ಮೇಸ್ತ್ರಿಯ ಕೈ ಎಷ್ಟೇ ಪಳಗಿದ್ದರೂ.

ಇನ್ನೊಂದು ವಿಷಯ. 3.73ರ ಡಿಫರೆನ್ಷಿಯಲ್ ಇದ್ದ 44 ಆಕ್ಸಲಿಗೆ 4.88 ಹಾಕಲು ಹೊರಟರೆ ಕ್ರೌನ್ ಕೂರುವ ಕೇಸೇ ಬೇರೆ ಬೇಕು. 3.92ರಿಂದ ಮೇಲಿನವಕ್ಕೆ ಒಂದು ಕೇಸು, 3.73 ಮತ್ತು ಅದಕ್ಕಿಂತ ಕೆಳಗಿನವಕ್ಕೆ ಇನ್ನೊಂದು. ಹಳೆ ಕೇಸಿನಲ್ಲೇ ಕೂರಿಸಿದರೆ ಕ್ರೌನ್ ಪಿನಿಯನ್ನಿಗೆ ತಲುಪುವುದೇ ಇಲ್ಲ.

ಸರಿಯಾದ ಮೇಲೆ

ಮೊದಲ ದಿನ ಇಪ್ಪತ್ತೈದು ಕಿಲೋಮೀಟರ್ ಮಾತ್ರ, ಹಗುರಾಗಿ, ವೇಗ ಏರಿಸಿ ಇಳಿಸಿ ಓಡಿಸಿ. ಅರ್ಧ ಗಂಟೆ ಆರಲು ಬಿಡಿ. ಹೀಗೆ ಎರಡು ಮೂರು ಸಲ. 800 ಕಿಲೋಮೀಟರ್ ಆಗುವವರೆಗೆ ಟ್ರೇಲರ್ ಎಳೆಯುವುದು, ಮೂಟೆ ಹೇರುವುದು ಬೇಡ. ಕೊಯ್ಲಿನ ಹೊತ್ತಿಗೆ ಇದು ಆಗದ ಮಾತು, ಅದಕ್ಕೇ ರೇಷಿಯೋ ಕೆಲಸವನ್ನು ಮಳೆಗಾಲ ಮುಗಿದು ಅರೇಬಿಕಾ ಹಣ್ಣಾಗುವ ಮುಂಚೆ ಮಾಡಿಸಿಕೊಳ್ಳಿ. 800ಕ್ಕೆ ಎಣ್ಣೆ ಪೂರ್ತಿ ಬದಲಿಸಿ.

ನಾನು ಮುಂದಿನದಕ್ಕೂ 4.88 ಜೋಡಿಯನ್ನೇ ತಂದು ಹಾಕಿಸಿದೆ. ಚಕ್ರ ಎತ್ತಿ 16 ಸುತ್ತು ತಿರುಗಿಸಿದೆ, ಶಾಫ್ಟ್ 39ಕ್ಕೆ ಬಂದು ಗುರುತಿಗೆ ಕೂಡಿತು. 800 ಕಿಲೋಮೀಟರ್ ಆದಾಗ ಇಳಿಸಿದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯಲ್ಲಿ ಉಳಿದದ್ದು ವಿಭೂತಿಯಷ್ಟು ನುಣುಪಾದ ಬೂದು ಪುಡಿ, ಒಂದು ಚೂರೂ ಇಲ್ಲ. ಡಿಸೆಂಬರಿನಲ್ಲಿ ಕೆಳಗಿನ ತೋಟದಿಂದ ಹಣ್ಣಿನ ಮೂಟೆ ಹೇರಿಕೊಂಡು ಅದೇ ತಿರುವಿಗೆ ಬಂದೆ. ಸ್ಟೀರಿಂಗ್ ತಿರುಗಿಸಿದ ಕಡೆಗೆ ಜೀಪು ತಿರುಗಿತು. ಮೇಲೆ ಬಂದು ಲಿವರ್ ಎಳೆದೆ, ಎರಡೇ ಬೆರಳಿಗೆ ಬಂತು.